ಒಂದೇ ಸರ್ವರ್, ಹಲವು ಕಂಪ್ಯೂಟರು: ತಂತ್ರಾಂಶ ಆರಿಸುವ ಮುನ್ನ



ಬೆಳಿಗ್ಗೆ ಸಂಜೆ ನೀವು ಸಂಘದಲ್ಲಿ ಹಾಲು ಹಾಕಿದಾಗ ಪ್ರಮಾಣ, ಜಿಡ್ಡು ಮತ್ತು ಜಿಡ್ಡೇತರ ಘನಾಂಶ ನಮೂದಾಗುತ್ತವೆ. ಹಿಂದೆ ಈ ಲೆಕ್ಕ ಕಾರ್ಯದರ್ಶಿಯವರ ಪುಸ್ತಕದಲ್ಲಿ ಇರುತ್ತಿತ್ತು. ಈಗ ಬಹುಮಟ್ಟಿಗೆ ಕಂಪ್ಯೂಟರಿಗೆ ಸೇರಿದೆ. ನಿಮಗೆ ಹಾಲಿನ ಹಣ ಬಟವಾಡೆಯಾಗುವುದು ಈ ಲೆಕ್ಕದ ಮೇಲೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಸರ್ಕಾರದ ಪ್ರೋತ್ಸಾಹಧನ ದೊರೆಯುವುದೂ ಈ ಲೆಕ್ಕದ ಮೇಲೆಯೇ. ಆದುದರಿಂದ ಲೆಕ್ಕ ಎಲ್ಲಿದೆ, ಯಂತ್ರ ಕೆಟ್ಟರೆ ಗತಿಯೇನು ಎಂಬುದು ಹಾಲು ಹಾಕುವ ಪ್ರತಿಯೊಬ್ಬರಿಗೂ ಸಂಬಂಧಿಸಿದ ವಿಷಯ.

ಹೀಗೆಂದರೇನು?

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೆಲವು ಸಂಘಗಳು ಸೇರಿ ಕೋಲಾರದಲ್ಲಿ ಒಂದು ದೊಡ್ಡ ಕಂಪ್ಯೂಟರು, ಅಂದರೆ ಸರ್ವರ್, ಇಟ್ಟುಕೊಂಡವು ಎಂದು ಭಾವಿಸಿ. ಪ್ರತಿ ಸಂಘಕ್ಕೂ ಬೇರೆ ಬೇರೆ ಕಂಪ್ಯೂಟರು ಕೊಳ್ಳುವ ಬದಲು, ಈ ಒಂದರೊಳಗೇ ಹಲವು ಕಂಪ್ಯೂಟರುಗಳು ಇರುವಂತೆ ಮಾಡಬಹುದು. ಇವಕ್ಕೆ ವರ್ಚುವಲ್ ಮೆಷಿನ್ ಎಂದು ಹೆಸರು. ಕಾರ್ಯದರ್ಶಿಯವರು ತಮ್ಮ ಊರಿನಲ್ಲೇ ಕುಳಿತು, ಸಾಧಾರಣ ಕಂಪ್ಯೂಟರಿನ ಮೂಲಕ ಕೋಲಾರದಲ್ಲಿರುವ ತಮ್ಮ ಪಾಲಿನ ಯಂತ್ರವನ್ನು ನಡೆಸುತ್ತಾರೆ.

ಕ್ಯಾನುಗಳನ್ನು ಸಾಗಿಸುವ ಹಾಲಿನ ವ್ಯಾನನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯಾನು ಒಂದೇ, ಕ್ಯಾನುಗಳು ಹಲವು. ಪ್ರತಿ ಕ್ಯಾನಿಗೂ ಅದರದೇ ಮುಚ್ಚಳ. ಒಂದು ಕ್ಯಾನಿನ ಹಾಲು ಹುಳಿಯಾದರೆ ಪಕ್ಕದ್ದು ಕೆಡುವುದಿಲ್ಲ. ಆದರೆ ವ್ಯಾನಿನ ಅಚ್ಚು ಮುರಿದರೆ ಎಲ್ಲ ಕ್ಯಾನುಗಳೂ ದಾರಿಯಲ್ಲೇ ನಿಲ್ಲುತ್ತವೆ. ಸರ್ವರಿನ ಲಾಭವೂ ಅಪಾಯವೂ ಇದರಲ್ಲೇ ಅಡಗಿದೆ. ಒಂದು ಯಂತ್ರವನ್ನು ಹೀಗೆ ಹಂಚಿಕೊಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

ಮೊದಲು ಅಳತೆ

ತಂತ್ರಾಂಶಕ್ಕಿಂತ ಮೊದಲು ಮೆಮೊರಿಯ ಲೆಕ್ಕ ಹಾಕಬೇಕು. ಉದಾಹರಣೆಗೆ, ಲೆಕ್ಕಪತ್ರ ಸಂಗ್ರಹಿಸುವ ಯಂತ್ರಕ್ಕೆ 16 ಜಿ.ಬಿ., 8 ಸಂಘಗಳಿಗೆ ತಲಾ 4 ಜಿ.ಬಿ.ಯಂತೆ 32 ಜಿ.ಬಿ. ಎಂದುಕೊಳ್ಳೋಣ. ಒಟ್ಟು 48 ಆಯಿತು. ಸರ್ವರಿನಲ್ಲಿ 64 ಜಿ.ಬಿ. ಇದ್ದರೆ ಉಳಿದ 16 ಹೈಪರ್‌ವೈಸರಿಗೂ ಮುಂದಿನ ಬೆಳವಣಿಗೆಗೂ ಸಾಕು. 32 ಜಿ.ಬಿ. ಸರ್ವರ್ ತಂದು ಅದರಲ್ಲೇ 8 ಸಂಘಗಳನ್ನು ನಡೆಸಹೊರಟರೆ, ಹಾಲಿಗೆ ನೀರು ಬೆರೆಸಿದಂತೆಯೇ ಸರಿ. ಪ್ರಮಾಣ ಹೆಚ್ಚಿದಂತೆ ಕಂಡರೂ ಡಿಗ್ರಿ ಇಳಿದಿರುತ್ತದೆ.

ಯಾವ ತಂತ್ರಾಂಶ?

ಇವುಗಳಲ್ಲಿ ಎರಡು ಬಗೆ. ವರ್ಚುವಲ್‌ಬಾಕ್ಸ್‌ನಂಥವು ವಿಂಡೋಸ್ ಮೊದಲಾದವುಗಳ ಮೇಲೆ ಕುಳಿತು ಕೆಲಸ ಮಾಡುತ್ತವೆ. ಕಲಿಯಲು ಇವು ಒಳ್ಳೆಯವು. ಆದರೆ ಕೆಳಗಿನ ವಿಂಡೋಸ್ ನಿಂತರೆ ಮೇಲಿನವೆಲ್ಲ ನಿಲ್ಲುತ್ತವೆ. ಪ್ರತಿದಿನದ ಬಳಕೆಗೆ, ನೇರವಾಗಿ ಸರ್ವರಿನ ಮೇಲೆಯೇ ಕೂರುವ ಎರಡನೆಯ ಬಗೆಯೇ ಸೂಕ್ತ. ಇದರಲ್ಲಿ ಮೂರು ಮುಖ್ಯವಾದವು.

ವಿಎಂವೇರ್ ಇಎಸ್‌ಎಕ್ಸ್‌ಐ: ಹಳೆಯದು, ಪಳಗಿದ್ದು. ಈ ಕಂಪನಿಯನ್ನು 2023ರ ನವೆಂಬರಿನಲ್ಲಿ ಬ್ರಾಡ್‌ಕಾಂ ಕೊಂಡುಕೊಂಡಿತು. ಅದೇ ಡಿಸೆಂಬರಿನಲ್ಲಿ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಯ ಮಾರಾಟ ನಿಂತು, ಚಂದಾ ಪದ್ಧತಿ ಬಂತು. ಉಚಿತ ಆವೃತ್ತಿಯನ್ನು 2024ರಲ್ಲಿ ನಿಲ್ಲಿಸಿ 2025ರಲ್ಲಿ ಮತ್ತೆ ಕೊಟ್ಟರು.

ಹೈಪರ್-ವಿ: ಮೈಕ್ರೋಸಾಫ್ಟಿನದು, 2008ರಿಂದ ಇದೆ. ವಿಂಡೋಸ್ ಸರ್ವರ್ ಜೊತೆಯಲ್ಲೇ ಬರುತ್ತದೆ. ವಿಂಡೋಸ್ ಬಲ್ಲವರಿಗೆ ಸುಲಭ.

ಪ್ರಾಕ್ಸ್‌ಮಾಕ್ಸ್ ವಿಇ: ಆಸ್ಟ್ರಿಯಾ ದೇಶದ ಕಂಪನಿಯೊಂದು 2008ರಲ್ಲಿ ಹೊರತಂದದ್ದು. 2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂ ಇದರ ಆಧಾರ. ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿ ಶುಲ್ಕವಿಲ್ಲ. ಕಂಪನಿಯ ನೆರವು ಬೇಕಾದವರು ಮಾತ್ರ ಚಂದಾ ಕಟ್ಟಬಹುದು. ಲಿನಕ್ಸ್ ಬಲ್ಲವರು ಹತ್ತಿರದಲ್ಲಿರಬೇಕು.

ಇಲ್ಲಿ ಒಂದು ಎಚ್ಚರಿಕೆ. ಹೈಪರ್‌ವೈಸರ್ ಉಚಿತವೆಂದರೆ ಒಳಗಿನದೆಲ್ಲ ಉಚಿತವಲ್ಲ. ಒಳಗೆ ವಿಂಡೋಸ್ ಹಾಕಿದರೆ ಅದಕ್ಕೆ ಪರವಾನಗಿ ಬೇಕು. ವಿಂಡೋಸ್ ಸರ್ವರಿನಲ್ಲಿ ಹಲವರು ದೂರದಿಂದ ಕೆಲಸ ಮಾಡುವುದಾದರೆ ಅದಕ್ಕೆ ಪ್ರತ್ಯೇಕ ಪರವಾನಗಿ ಕೊಳ್ಳಬೇಕು. ದರಪಟ್ಟಿ ಕೇಳುವಾಗ ಇವೆಲ್ಲವನ್ನೂ ಸೇರಿಸಿಯೇ ಕೇಳತಕ್ಕದ್ದು.

1946ರಲ್ಲಿ ಖೇಡಾ ಜಿಲ್ಲೆಯ ರೈತರು ಆಣಂದದಲ್ಲಿ ಸಹಕಾರ ಒಕ್ಕೂಟ ಕಟ್ಟಿದ್ದು ಏಕೆಂದು ನಮ್ಮೆಲ್ಲರಿಗೂ ಗೊತ್ತು. ಕೊಳ್ಳುವವನು ಒಬ್ಬನೇ ಆದಾಗ ಅವನು ಹೇಳಿದ್ದೇ ದರ. ತಂತ್ರಾಂಶ ಮಾರುವವನ ವಿಷಯದಲ್ಲೂ ಅದೇ ಪಾಠ. ನಾಳೆ ದರ ಏರಿದರೆ ನಮ್ಮ ಲೆಕ್ಕವನ್ನು ಎತ್ತಿಕೊಂಡು ಬೇರೆಡೆಗೆ ಹೋಗಲು ಸಾಧ್ಯವೇ ಎಂದು ಕೊಳ್ಳುವ ದಿನವೇ ಕೇಳಬೇಕು.

ದೂರದಿಂದ ಬಳಸುವಾಗ

ಸರ್ವರಿನ ಬಾಗಿಲನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡುವುದು ರಾತ್ರಿ ಕೊಟ್ಟಿಗೆಯ ಬಾಗಿಲು ತೆರೆದಿಟ್ಟಂತೆ. ಲೆಕ್ಕಕ್ಕೆ ಬೀಗ ಹಾಕಿ ಹಣ ಕೇಳುವ ಕಳ್ಳರು ನುಗ್ಗುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ವಿಪಿಎನ್ ಎಂಬ ಮುಚ್ಚಿದ ದಾರಿಯಲ್ಲಿ ಮಾತ್ರ ಒಳಗೆ ಬಿಡಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಪ್ತಪದ ಇರಬೇಕು. ಗುಪ್ತಪದವನ್ನು ಗೋಡೆಯ ಮೇಲೆ ಬರೆದು ಅಂಟಿಸಬಾರದು.

ಇನ್ನೊಂದು ಮಾತು. ಸಂಪರ್ಕ ಕಡಿದುಹೋದ ದಿನವೂ ಹಸು ಹಾಲು ಕೊಡುತ್ತದೆ. ಆದುದರಿಂದ ತೂಕ, ಪರೀಕ್ಷೆ ಮತ್ತು ಚೀಟಿಯ ಕೆಲಸ ಸಂಘದಲ್ಲೇ ನಡೆಯಬೇಕು. ಸಂಪರ್ಕ ಬಂದ ಮೇಲೆ ಲೆಕ್ಕ ಕೋಲಾರಕ್ಕೆ ಹೋದರೆ ಸಾಕು.

ವ್ಯಾನು ಕೆಟ್ಟರೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಈ ತಂತ್ರಾಂಶಗಳಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆ. ಯಂತ್ರ ಈ ಕ್ಷಣ ಇದ್ದ ಸ್ಥಿತಿಯನ್ನು ಅದು ಹಿಡಿದಿಡುತ್ತದೆ. ಆದರೆ ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿ ಇರುವುದರಿಂದ, ಡಿಸ್ಕ್ ಸುಟ್ಟರೆ ಅದೂ ಹೋಗುತ್ತದೆ. ಅದನ್ನು ಬ್ಯಾಕಪ್ ಎಂದು ನಂಬಬಾರದು. ಲೆಕ್ಕದ 3 ಪ್ರತಿಗಳಿರಲಿ, 2 ಬಗೆಯ ಸಾಧನಗಳಲ್ಲಿರಲಿ, 1 ಪ್ರತಿ ಬೇರೆ ಊರಿನಲ್ಲಿರಲಿ. ಸರ್ವರ್ ಕೋಲಾರದಲ್ಲಿದ್ದರೆ ಒಂದು ಪ್ರತಿ ಮುಳಬಾಗಿಲಿನಲ್ಲಿರಬಹುದು. ಆ ಪ್ರತಿ ಸದಾ ಸರ್ವರಿಗೆ ಜೋಡಿಸಿರಬಾರದು. ಜೋಡಿಸಿದ್ದರೆ ಕಳ್ಳ ಅದಕ್ಕೂ ಬೀಗ ಹಾಕುತ್ತಾನೆ.

ಪ್ರತಿ ಇದ್ದರಷ್ಟೇ ಸಾಲದು. ಮೂರು ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಯಂತ್ರಕ್ಕೆ ಹಾಕಿ, ಒಂದು ಸಂಘದ ಒಂದು ಬಟವಾಡೆಯ ಪಟ್ಟಿ ತೆಗೆದು, ಹಳೆಯ ಪಟ್ಟಿಯೊಡನೆ ತಾಳೆ ನೋಡಬೇಕು. ತಾಳೆಯಾದರೆ ಮಾತ್ರ ಬ್ಯಾಕಪ್ ಇದೆ ಎಂದರ್ಥ.

ಮಹಾಸಭೆಯಲ್ಲಿ ಕೇಳಿರಿ

1. ಕೆಟ್ಟರೆ ಎಷ್ಟು ಗಂಟೆಯಲ್ಲಿ ಲೆಕ್ಕ ಮತ್ತೆ ಸಿಗುತ್ತದೆ? ಕಳೆದ ಬಾರಿ ಪರೀಕ್ಷಿಸಿದ್ದು ಎಂದು?
2. ಐದು ವರ್ಷಕ್ಕೆ ಎಲ್ಲ ಪರವಾನಗಿ ಸೇರಿ ಖರ್ಚೆಷ್ಟು?
3. ರಿಪೇರಿ ಬಲ್ಲವರು ಎಷ್ಟು ಮಂದಿ, ಎಷ್ಟು ದೂರದಲ್ಲಿದ್ದಾರೆ?
4. ಈ ತಂತ್ರಾಂಶ ಬಿಟ್ಟು ಬೇರೆಯದಕ್ಕೆ ಹೋಗುವ ದಾರಿ ಇದೆಯೇ?

ವಿಂಡೋಸ್ ಬಲ್ಲವರು ಹತ್ತಿರವಿದ್ದರೆ ಹೈಪರ್-ವಿ, ಲಿನಕ್ಸ್ ಬಲ್ಲವರಿದ್ದರೆ ಪ್ರಾಕ್ಸ್‌ಮಾಕ್ಸ್ ನಮ್ಮಂಥ ಚಿಕ್ಕ ವ್ಯವಸ್ಥೆಗೆ ಸಾಕು. ಆದರೆ ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರುವವರೆಗೆ ಯಾವುದನ್ನೂ ಕೊಳ್ಳಬಾರದು. ಅಲ್ಲಿಯವರೆಗೂ, ಅದರ ನಂತರವೂ, ನಿಮ್ಮ ಹಾಲಿನ ಚೀಟಿಗಳನ್ನು ಬಟವಾಡೆಯಾಗುವ ತನಕ ಜೋಪಾನವಾಗಿ ಇಟ್ಟುಕೊಳ್ಳಬೇಕಾಗಿ ಕೋರಿದೆ.