ಹಳೆಯ ವಾಹನಕ್ಕೆ ದೊಡ್ಡ ಚಕ್ರ: ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ನಮ್ಮ ಭಾಗದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಎಸ್‌ಯುವಿ ವಾಹನವು ವಿಲಾಸದ ವಸ್ತುವಲ್ಲ, ದುಡಿಮೆಯ ಸಾಧನ. ಮೆಣಸಿನಕಾಯಿ ಹಾಗೂ ಹತ್ತಿಯ ಖರೀದಿಗಾಗಿ ರೂಪನಗುಡಿ ಹೋಬಳಿಯ ಗ್ರಾಮಗಳಿಗೆ, ಭತ್ತದ ವ್ಯವಹಾರಕ್ಕಾಗಿ ಸಿರುಗುಪ್ಪ, ಕುರುಗೋಡುಗಳ ಕಡೆಗೆ ನಿತ್ಯ ಓಡಾಡುವವರಿಗೆ ಇಂತಹ ವಾಹನವಿಲ್ಲದೆ ಕೆಲಸ ಸಾಗದು. ಟಾಟಾ ಸುಮೋ 1994ರಲ್ಲಿ, ಮಹೀಂದ್ರ ಬೊಲೆರೊ 2000ದಲ್ಲಿ, ಸ್ಕಾರ್ಪಿಯೋ 2002ರಲ್ಲಿ ಮಾರುಕಟ್ಟೆಗೆ ಬಂದವು. ಹೊಸ ವಾಹನದ ಬೆಲೆಯನ್ನು ಕಂಡು, ಇರುವ ಹಳೆಯ ವಾಹನವನ್ನೇ ಸುಸ್ಥಿತಿಯಲ್ಲಿಟ್ಟು ಮುಂದುವರಿಸುವುದು ವ್ಯವಹಾರಜ್ಞರ ರೂಢಿ.

ಹೀಗೆ ಮುಂದುವರಿಸುವಾಗ ಅನೇಕರು ಮೊದಲು ಯೋಚಿಸುವುದು ದೊಡ್ಡ ಚಕ್ರ ಮತ್ತು ಟೈರುಗಳನ್ನು. ನೆಲದಿಂದ ಎತ್ತರ ಹೆಚ್ಚುತ್ತದೆ, ಗುಂಡಿಗಳಲ್ಲಿ ತಳ ತಾಗುವುದಿಲ್ಲ, ನೋಟವೂ ಗಂಭೀರವಾಗಿರುತ್ತದೆ ಎಂಬುದು ಅಪೇಕ್ಷೆ. ಆದರೆ ಅಳತೆ ನೋಡದೆ ಹಾಕಿಸಿದ ಟೈರು ತಿರುವಿನಲ್ಲಿ ಮಡ್‌ಗಾರ್ಡಿಗೂ, ಭಾರ ತುಂಬಿದಾಗ ಚಕ್ರಕಮಾನಿಗೂ ಉಜ್ಜತೊಡಗುತ್ತದೆ. ಉಜ್ಜಿದ ಟೈರಿನ ಪಾರ್ಶ್ವಭಿತ್ತಿ ತೆಳುವಾಗಿ, ಒಂದು ದಿನ ಹೆದ್ದಾರಿಯ ವೇಗದಲ್ಲಿ ಸಿಡಿಯುವ ಸಂಭವವಿರುತ್ತದೆ. ಆಗ ಅಪಾಯಕ್ಕೀಡಾಗುವುದು ಟೈರಿನ ಹಣವಷ್ಟೇ ಅಲ್ಲ, ಒಳಗಿರುವವರ ಪ್ರಾಣ. ಆದುದರಿಂದ ಟೈರು ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕುವುದು ಉಚಿತ.

ಸಂಖ್ಯೆಗಳ ಅರ್ಥ

ಅನೇಕ ಬೊಲೆರೊ ವಾಹನಗಳಲ್ಲಿರುವ 215/75 ಆರ್ 15 ಎಂಬ ಅಳತೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 215 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 75 ಎಂದರೆ ಪಾರ್ಶ್ವಭಿತ್ತಿಯ ಎತ್ತರವು ಅಗಲದ ಶೇ. 75ರಷ್ಟು. ಆರ್ ಎಂದರೆ ರೇಡಿಯಲ್ ರಚನೆ. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಪಾರ್ಶ್ವಭಿತ್ತಿ 161.25 ಮಿ.ಮೀ.; ಅದರ ಎರಡರಷ್ಟಕ್ಕೆ ರಿಮ್ಮಿನ 381 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ 703.5 ಮಿ.ಮೀ.

ಇದರ ಸ್ಥಾನದಲ್ಲಿ 235/75 ಆರ್ 15 ಹಾಕಿದರೆ ವ್ಯಾಸ 733.5 ಮಿ.ಮೀ. ಆಗುತ್ತದೆ. ಹೆಚ್ಚಳ 30 ಮಿ.ಮೀ., ಅಂದರೆ ಶೇ. 4.3. ನೆಲದಿಂದ ದೊರೆಯುವ ಎತ್ತರ ಇದರ ಅರ್ಧ, 15 ಮಿ.ಮೀ. ಮಾತ್ರ. ಚಕ್ರಕಮಾನಿನ ಅಂತರವೂ ಮೇಲೆ, ಮುಂದೆ, ಹಿಂದೆ ತಲಾ 15 ಮಿ.ಮೀ. ಕುಗ್ಗುತ್ತದೆ. ಅಗಲದಲ್ಲಿ ಒಳಕ್ಕೆ 10 ಮಿ.ಮೀ., ಹೊರಕ್ಕೆ 10 ಮಿ.ಮೀ. ಬೆಳೆಯುತ್ತದೆ. ಮೂಲ ವ್ಯಾಸಕ್ಕಿಂತ ಶೇ. 3ಕ್ಕೆ ಮೀರದಿರಲಿ ಎಂಬುದು ಟೈರು ವ್ಯಾಪಾರದಲ್ಲಿ ಪ್ರಚಲಿತವಿರುವ ಸಾಮಾನ್ಯ ಸೂತ್ರ. 225/75 ಆರ್ 15 ಅಳತೆಯ ವ್ಯಾಸ 718.5 ಮಿ.ಮೀ.; ಹೆಚ್ಚಳ ಶೇ. 2.1 ಮಾತ್ರ.

ದೊಡ್ಡ ರಿಮ್ ಎಂದರೆ ದೊಡ್ಡ ಚಕ್ರವೆಂದೇ ಭಾವಿಸಬಾರದು. 215/70 ಆರ್ 16ರ ವ್ಯಾಸ 707.4 ಮಿ.ಮೀ. ರಿಮ್ ಒಂದು ಅಂಗುಲ ಹಿರಿದಾದರೂ ಒಟ್ಟು ವ್ಯತ್ಯಾಸ 4 ಮಿ.ಮೀ. ಒಳಗೇ ಉಳಿಯುತ್ತದೆ. ರಿಮ್ಮಿನ ಅಗಲ ಮತ್ತು ಆಫ್‌ಸೆಟ್ ಮೂಲದಂತೆಯೇ ಇದ್ದರೆ ಉಜ್ಜುವಿಕೆಯ ಭಯ ಕಡಿಮೆ. ಆದರೆ ಪಾರ್ಶ್ವಭಿತ್ತಿ ಗಿಡ್ಡವಾದಷ್ಟೂ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೆ ತಾಗುತ್ತದೆ ಎಂಬುದನ್ನು ಹಳ್ಳಿದಾರಿಯಲ್ಲಿ ಸಂಚರಿಸುವವರು ಮರೆಯಬಾರದು.

ಆಫ್‌ಸೆಟ್ ಎಂಬ ಮರೆತ ಅಂಶ

ರಿಮ್ ಹಬ್ಬಿಗೆ ಕೂರುವ ಮುಖಕ್ಕೂ ರಿಮ್ಮಿನ ನಡುರೇಖೆಗೂ ಇರುವ ಅಂತರವೇ ಆಫ್‌ಸೆಟ್. ಆಫ್‌ಸೆಟ್ 15 ಮಿ.ಮೀ. ಕಡಿಮೆಯಾದರೆ ಚಕ್ರ 15 ಮಿ.ಮೀ. ಹೊರಕ್ಕೆ ಸರಿಯುತ್ತದೆ. ಒಳಗಡೆ ಲೀಫ್ ಸ್ಪ್ರಿಂಗ್ ಅಥವಾ ಚಾಸಿಗೆ ತಾಗುವುದು ಇದರಿಂದ ನಿಲ್ಲಬಹುದು. ಆದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹಿರಿದಾದ ವೃತ್ತಖಂಡದಲ್ಲಿ ಸುತ್ತುವುದರಿಂದ ಬಂಪರಿನ ಕೆಳತುದಿಗೂ ಮಡ್‌ಗಾರ್ಡಿನ ಅಂಚಿಗೂ ತಾಗತೊಡಗುತ್ತದೆ. ಬೇರಿಂಗಿನ ಮೇಲಿನ ಒತ್ತಡವೂ ಹೆಚ್ಚುತ್ತದೆ. ಅಗ್ಗದ ಸ್ಪೇಸರುಗಳಿಂದ ಇದೇ ಪರಿಣಾಮ ಪಡೆಯುವುದು ಅಪಾಯಕರ. ನಟ್ಟುಗಳ ಹಿಡಿತ ಸಾಲದೆ ಹೋದರೆ ಚಕ್ರವೇ ಕಳಚಬಹುದು. ಸರಿಯಾದ ಆಫ್‌ಸೆಟ್ಟಿನ ರಿಮ್ಮನ್ನೇ ಕೊಳ್ಳುವುದು ಲೇಸು.

ಮೊದಲು ಹಳೆಯ ವಾಹನವನ್ನು ಸರಿಪಡಿಸಿ

ಹತ್ತು ಹದಿನೈದು ವರ್ಷ ಭಾರ ಹೊತ್ತ ವಾಹನದ ಲೀಫ್ ಸ್ಪ್ರಿಂಗುಗಳು ಕುಸಿದಿರುತ್ತವೆ, ಬುಷ್‌ಗಳು ಸವೆದಿರುತ್ತವೆ, ಬಂಪ್ ಸ್ಟಾಪ್ ರಬ್ಬರುಗಳು ಒಡೆದಿರುತ್ತವೆ. ಹೊಸದಾಗಿದ್ದಾಗ ಸರಾಗವಾಗಿ ಕೂರುತ್ತಿದ್ದ ಟೈರೂ ಈಗ ಉಜ್ಜೀತು. ಆದುದರಿಂದ ಸಮತಟ್ಟಾದ ನೆಲದಲ್ಲಿ ಹಬ್ಬಿನ ಮಧ್ಯದಿಂದ ಚಕ್ರಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಬೇಕು. ಎಡಬಲಗಳಲ್ಲಿ ವ್ಯತ್ಯಾಸ ಕಂಡರೆ ಸ್ಪ್ರಿಂಗ್ ದುರಸ್ತಿಯೇ ಮೊದಲ ಖರ್ಚು. ಅನೇಕ ಸಂದರ್ಭಗಳಲ್ಲಿ ಮಾಲೀಕರು ದೊಡ್ಡ ಟೈರಿನಿಂದ ಬಯಸಿದ 15 ಮಿ.ಮೀ. ಎತ್ತರ ಸ್ಪ್ರಿಂಗ್ ದುರಸ್ತಿಯಿಂದಲೇ ಮರಳಿ ದೊರೆಯುತ್ತದೆ.

ಪರೀಕ್ಷಿಸುವ ಕ್ರಮ

ಒಂದೇ ಟೈರನ್ನು ಅಂಗಡಿಯಲ್ಲಿ ಕೂರಿಸಿ ಪರೀಕ್ಷಿಸಿದ ನಂತರವೇ ಉಳಿದವುಗಳ ಹಣ ಪಾವತಿಸುವುದು ಒಳ್ಳೆಯದು. ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ, ಅತಿ ಕಿರಿದಾದ ಎಡೆಯಲ್ಲಿ ಮೆತ್ತನೆಯ ಮಣ್ಣಿನ ಉಂಡೆಯನ್ನಿಟ್ಟರೆ ಅದು ಚಪ್ಪಟೆಯಾದ ಪ್ರಮಾಣವೇ ಅಂತರವನ್ನು ಹೇಳುತ್ತದೆ. ಅನಂತರ ನಿತ್ಯದ ಭಾರವನ್ನು ತುಂಬಿ, ಮುಂದಿನ ಒಂದು ಚಕ್ರವನ್ನು ಗಟ್ಟಿಯಾದ ಇಳಿಜಾರು ದಿಮ್ಮಿಯ ಮೇಲೆ ಹತ್ತಿಸಿ, ಮತ್ತೆ ತಿರುಗಿಸಿ ನೋಡಬೇಕು. ಹಿಮ್ಮುಖವಾಗಿ ಚಲಿಸುವಾಗಲೂ ಪರೀಕ್ಷೆ ಅವಶ್ಯ. ಈ ಸಮಯದಲ್ಲಿ ಯಾರೂ ವಾಹನದ ಕೆಳಗೆ ಇರಕೂಡದು.

ನಮ್ಮ ಎರೆಭೂಮಿಯಲ್ಲಿ ಇನ್ನೊಂದು ವಿಚಾರವಿದೆ. ಮಳೆಗಾಲದ ಎರೆಮಣ್ಣು ಟೈರಿಗೆ ಅಂಟಿ ಕಮಾನಿನೊಳಗೆ ಗಟ್ಟಿಯಾಗುತ್ತದೆ. ಒಣ ಡಾಂಬರಿನ ಮೇಲೆ ತಾಗದ ಟೈರು ಹೊಲದ ದಾರಿಯಲ್ಲಿ ಮಣ್ಣಿನ ಗಡ್ಡೆಗೆ ಉಜ್ಜುತ್ತದೆ. ಕನಿಷ್ಠ ಎರಡು ಬೆರಳಿನಷ್ಟು ಅಂತರ ಉಳಿಯುವಂತೆ ನೋಡಿಕೊಳ್ಳುವುದು ಕ್ಷೇಮ.

ಪ್ಲಾಸ್ಟಿಕ್ ಒಳಹೊದಿಕೆಗೆ ಅಲ್ಪಸ್ವಲ್ಪ ತಾಗಿದರೆ ಅದನ್ನು ಬಿಸಿ ಮಾಡಿ ಹಿಂದಕ್ಕೆ ಒತ್ತಬಹುದು ಅಥವಾ ಅಂಚನ್ನು ಕತ್ತರಿಸಬಹುದು. ಕೆಲವು ವಾಹನಗಳಲ್ಲಿ ಸ್ಟಿಯರಿಂಗ್ ತಡೆಬೋಲ್ಟನ್ನು ಸರಿಹೊಂದಿಸಲು ಬರುತ್ತದೆ. ಆದರೆ ತಿರುಗಲು ಬೇಕಾಗುವ ಜಾಗ ಆಗ ಹೆಚ್ಚುತ್ತದೆ. ಬ್ರೇಕ್ ಹೋಸ್, ಚಾಸಿ, ಸಸ್ಪೆನ್ಷನ್ ತೋಳುಗಳಿಗೆ ತಾಗುವುದಾದರೆ ಆ ಅಳತೆಯನ್ನು ಕೈಬಿಡುವುದೊಂದೇ ದಾರಿ.

ಕಿಲೋಮೀಟರಿನ ನಷ್ಟ

ಶೇ. 4.3ರಷ್ಟು ದೊಡ್ಡ ಟೈರಿನಲ್ಲಿ ಮೀಟರು 80 ಕಿ.ಮೀ. ವೇಗ ತೋರುವಾಗ ವಾಹನ ಮೊದಲಿಗಿಂತ ವೇಗವಾಗಿ, ಸುಮಾರು 83.4 ಕಿ.ಮೀ. ಲೆಕ್ಕದಲ್ಲಿ ಓಡುತ್ತಿರುತ್ತದೆ. ಮೀಟರಿನಲ್ಲಿ 10,000 ಕಿ.ಮೀ. ತುಂಬುವಷ್ಟರಲ್ಲಿ 426 ಕಿ.ಮೀ. ಲೆಕ್ಕಕ್ಕೆ ಸಿಗದೆ ಹೋಗಿರುತ್ತದೆ. ಕಿಲೋಮೀಟರಿನ ದರದಲ್ಲಿ ಕಾರ್ಖಾನೆಗಳಿಗೆ ವಾಹನ ಬಾಡಿಗೆ ಕೊಡುವವರಿಗೆ ಇದು ನೇರ ನಷ್ಟ. ಎಳೆಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಭಾರವಾದ ಐದನೆಯ ಚಕ್ರವನ್ನು ಹೊರುವ ಹಿಂಬಾಗಿಲಿನ ಕೀಲುಗಳನ್ನೂ ಗಮನಿಸತಕ್ಕದ್ದು.

ಕಾನೂನು ಮತ್ತು ದಾಖಲೆ

ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಕಲಮಿನಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಬಳಿಕ ನೋಂದಣಿ ನವೀಕರಣದ ತಪಾಸಣೆಯೂ ಇದೆ. ತಯಾರಕರು ತಮ್ಮ ಮಾದರಿಗೆ ಸೂಚಿಸಿರುವ ಅಳತೆಗಳೊಳಗೆ ಆಯ್ಕೆ ಮಾಡುವುದೇ ಸುರಕ್ಷಿತ. ಅದಕ್ಕೂ ಮೀರುವುದಾದರೆ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿ, ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು.

ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಿ, 2009ರ ಗುಣಮಟ್ಟ ನಿಯಂತ್ರಣ ಆದೇಶದಂತೆ ಅದು ಕಡ್ಡಾಯ. ಭಾರಸೂಚ್ಯಂಕ ಮೂಲ ಟೈರಿಗಿಂತ ಕಡಿಮೆಯಿರಬಾರದು: 100 ಎಂದರೆ 800 ಕೆ.ಜಿ., 105 ಎಂದರೆ 925 ಕೆ.ಜಿ. ಪಾರ್ಶ್ವದಲ್ಲಿ ಅಚ್ಚಾದ ನಾಲ್ಕು ಅಂಕಿಗಳಿಂದ ತಯಾರಾದ ವಾರ ಮತ್ತು ವರ್ಷ ತಿಳಿಯುತ್ತದೆ. 2324 ಎಂದರೆ 2024ರ 23ನೆಯ ವಾರ. ಟೈರು ಮಾರಾಟ ಮಾಡುವ ಸದಸ್ಯರು ಅಳತೆ, ಭಾರಸೂಚ್ಯಂಕ, ತಯಾರಿಕೆಯ ವಾರ ಇವುಗಳನ್ನು ಬಿಲ್ಲಿನಲ್ಲೇ ನಮೂದಿಸಿದರೆ ಮುಂದಿನ ತಕರಾರುಗಳು ಬಹುಮಟ್ಟಿಗೆ ತಪ್ಪುತ್ತವೆ. ಜೋಡಣೆಯಾಗಿ 100 ಕಿ.ಮೀ. ಒಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ, ಟೈರಿನ ಒಳಮೈಯಲ್ಲಿ ಉಜ್ಜಿದ ಹೊಳಪು ಕಾಣುತ್ತಿದೆಯೇ ಎಂದು ದೀಪ ಹಿಡಿದು ನೋಡತಕ್ಕದ್ದು.