ಸಿಗ್ನಲ್ ಬಂದೊಡನೆ ನಿಮ್ಮ ಕಾರು ಮುನಿಸಿಕೊಳ್ಳುತ್ತದೆಯೇ?

"ಕ್ಲಚ್ ಸರಿಯಾಗಿ ಒತ್ತಬಾರದೇನೇ? ನೋಡು, ಮತ್ತೆ ಆಫ್ ಮಾಡಿಬಿಟ್ಟೆ!"

ಹಳೆಯ ಕಾರು ಓಡಿಸುವ ಎಷ್ಟೋ ಗೃಹಿಣಿಯರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೆಂಪು ದೀಪ ಕಂಡು ಗಾಡಿ ನಿಲ್ಲಿಸಿದರೆ ಸಾಕು, ಎಂಜಿನ್ ಎರಡು ಸಲ ನಡುಗಿ ಸುಮ್ಮನಾಗುತ್ತದೆ. ಹಿಂದಿನಿಂದ ಬಸ್ಸಿನವನ ಹಾರನ್, ಪಕ್ಕದಿಂದ ಆಟೋದವನ ನೋಟ, ಒಳಗಿನಿಂದ ಯಜಮಾನರ ಉಪದೇಶ! ನಾಲ್ಕು ಸಲ ಹೀಗಾದರೆ "ನನ್ನ ಕೈಲಿ ಆಗೋಲ್ಲಪ್ಪ" ಎಂದು ಬೀಗದ ಕೈಯನ್ನು ಮೊಳೆಗೆ ತಗುಲಿಹಾಕುವ ಸೋದರಿಯರೂ ಉಂಟು. ಆದರೆ ತಪ್ಪೆಲ್ಲ ಓಡಿಸುವವಳ ಕಾಲಿನದ್ದೇ ಎನ್ನುವುದು ಯಾವ ನ್ಯಾಯ?

ಇದನ್ನು ಪತ್ತೆಮಾಡುವುದು ಕಷ್ಟವಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಪೆಡಲುಗಳಿಂದ ಎರಡೂ ಕಾಲು ತೆಗೆದುಬಿಡಿ. ಐದು ನಿಮಿಷ ಸುಮ್ಮನೆ ಕುಳಿತು ಕಿವಿಗೊಡಿ. ಹೀಗಿದ್ದೂ ಎಂಜಿನ್ ನಿಂತುಹೋದರೆ ನಿಮ್ಮ ಕಾಲಿಗೂ ಅದಕ್ಕೂ ಸಂಬಂಧವಿಲ್ಲ. ರೋಗ ಇರುವುದು ಗಾಡಿಯ 'ಐಡ್ಲಿಂಗ್'ನಲ್ಲಿ. ಒಂದೇ ಸಮನೆ ಗುನುಗುತ್ತಿದ್ದರೆ, ಆಗ ಕ್ಲಚ್ ಅಭ್ಯಾಸದ ಮಾತು.

ಐಡ್ಲಿಂಗ್ ಎಂದರೇನು?

ಆಕ್ಸಿಲರೇಟರ್ ತುಳಿಯದೆ, ಗಾಡಿ ನಿಂತಿರುವಾಗಲೂ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರಬೇಕಲ್ಲ, ಅದೇ ಐಡ್ಲಿಂಗ್. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ಸ್ಲೋ ಸ್ಪೀಡ್'. ಇಂಥ ಚಿಕ್ಕ ಕಾರುಗಳಲ್ಲಿ ಇದು ನಿಮಿಷಕ್ಕೆ ಸುಮಾರು 800ರಿಂದ 900 ಸುತ್ತು. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟೆಂದು ಬರೆದಿದೆಯೋ ಅದೇ ಪ್ರಮಾಣ.

ಗ್ಯಾಸ್ ಒಲೆಯನ್ನು ಸಿಮ್‌ಗೆ ಇಟ್ಟ ಹಾಗೆ ಎಂದುಕೊಳ್ಳಿ. ದೊಡ್ಡ ಉರಿಯಲ್ಲಿ ಬರ್ನರ್‌ನ ತೂತು ಒಂದೆರಡು ಕಟ್ಟಿದ್ದರೂ ಗೊತ್ತಾಗುವುದಿಲ್ಲ, ಸಣ್ಣ ಉರಿಗೆ ತಂದಾಗ ಪಕ್ಕನೆ ಆರುತ್ತದೆ. ಕಾರಿನ ಸಂಗತಿಯೂ ಅಷ್ಟೆ. ಓಡುವಾಗ ಮರೆಯಾಗಿದ್ದ ಹುಳುಕುಗಳೆಲ್ಲ ನಿಂತಾಗ ಬಯಲಾಗುತ್ತವೆ.

ಮಧ್ಯಮ ವರ್ಗದವರ ಮನೆಬಾಗಿಲಿಗೆ ಕಾರು ತಂದ ಮಾರುತಿ 800ನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಗಾಡಿಗೆ 796 ಸಿ.ಸಿ.ಯ, ಮೂರು ಸಿಲಿಂಡರಿನ ಪುಟ್ಟ ಎಂಜಿನ್. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಎಂ.ಪಿ.ಎಫ್.ಐ. ಬರುವವರೆಗೂ ಅದಕ್ಕೆ ಪೆಟ್ರೋಲ್ ಉಣಿಸುತ್ತಿದ್ದುದು ಕಾರ್ಬ್ಯುರೇಟರ್. ಪ್ರೀಮಿಯರ್ ಪದ್ಮಿನಿ, ಹಳೆಯ ಪೆಟ್ರೋಲ್ ಅಂಬಾಸಿಡರ್‌ಗಳೂ ಇದೇ ಕುಲದವು. ಕಾರ್ಬ್ಯುರೇಟರಿನ ಕೆಲಸ ಗಾಳಿಗೆ ಪೆಟ್ರೋಲ್ ಬೆರೆಸುವುದು. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಿದರೂ ತೊಂದರೆ, ಪೆಟ್ರೋಲ್ ಹೆಚ್ಚಿದರೂ ತೊಂದರೆ. ಇಡ್ಲಿ ಹಿಟ್ಟಿನ ಹದದಂತೆ!

ಮೊದಲು ಸ್ಕ್ರೂಗೆ ಕೈ ಹಾಕಬೇಡಿ

ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಕೇಳುವ ಮಾತು: "ಏನಿಲ್ಲಮ್ಮಾ, ಸ್ಲೋ ಸ್ಪೀಡ್ ಸ್ವಲ್ಪ ಏರಿಸ್ತೀನಿ, ಸರಿಹೋಗುತ್ತೆ." ಸ್ಕ್ರೂಡ್ರೈವರ್ ಎರಡು ಸುತ್ತು ತಿರುಗುತ್ತದೆ, ಗಾಡಿ ಗುರ್ ಎನ್ನುತ್ತದೆ, ನಾವು ಸಂತೋಷದಿಂದ ದುಡ್ಡು ಕೊಟ್ಟು ಬರುತ್ತೇವೆ. ಇದು ಜ್ವರದ ಕಾರಣ ನೋಡದೆ ಮಾತ್ರೆ ನುಂಗಿಸಿದ ಹಾಗೆ. ಒಳಗಿನ ರೋಗ ಹಾಗೇ ಇರುತ್ತದೆ. ಜೊತೆಗೆ ನಿಂತಲ್ಲೇ ಪೆಟ್ರೋಲ್ ಕುಡಿಯುತ್ತದೆ. ಟ್ರಾಫಿಕ್ಕಿನಲ್ಲಿ ಕಾಲು ತೆಗೆದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ಬ್ರೇಕಿಗೆ ಕೆಲಸ ಹೆಚ್ಚುತ್ತದೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ರಾಗ. ಆದ್ದರಿಂದ ಸ್ಕ್ರೂ ಕೊನೆಯ ಮದ್ದು. ಅದಕ್ಕೆ ಮುಂಚೆ ನೋಡಬೇಕಾದ್ದು ಇಷ್ಟಿದೆ:

ಚೋಕ್: ಬೆಳಗಿನ ಚಳಿಯಲ್ಲಿ ಎಳೆದ ಚೋಕ್, ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ಒಳಗೆ ಹೋಗಬೇಕು. ಕೇಬಲ್ ಬಿಗಿಯಾಗಿ ಅರ್ಧಕ್ಕೇ ಸಿಕ್ಕಿಕೊಂಡರೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಬೆಳಿಗ್ಗೆ ಮಾತ್ರ ನಿಂತುಹೋಗಿ ಆಮೇಲೆ ಸರಿಯಾಗಿರುವ ಗಾಡಿಯಲ್ಲೂ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಏರ್ ಫಿಲ್ಟರ್: ಧೂಳು ಕಟ್ಟಿದ ಫಿಲ್ಟರ್ ಎಂದರೆ ಮೂಗು ಕಟ್ಟಿದ ಮಗು. ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆಳಕು ಕಾಣದಿದ್ದರೆ ಬದಲಾಯಿಸಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ.

ಪ್ಲಗ್‌ಗಳು: ಬಿಚ್ಚಿದ ಪ್ಲಗ್‌ನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಸೇರುತ್ತಿದೆ, ಅದು ದೊಡ್ಡ ರಿಪೇರಿಯ ಸೂಚನೆ. ಮೂರು ಸಿಲಿಂಡರಿನ ಗಾಡಿಯಲ್ಲಿ ಒಂದು ಕೈಕೊಟ್ಟರೂ ಇಡೀ ಕಾರು ಗಡಗಡ ನಡುಗುತ್ತದೆ. ಪಾಯಿಂಟ್ ಇರುವ ಹಳೆಯ ಗಾಡಿಗಳಲ್ಲಿ ಅದರ ಗ್ಯಾಪನ್ನೂ ನೋಡಿಸಿ.

ರಬ್ಬರ್ ಪೈಪುಗಳು: ಕಾರ್ಬ್ಯುರೇಟರಿನ ಸುತ್ತ ಇರುವ ಸಣ್ಣ ವ್ಯಾಕ್ಯೂಮ್ ಪೈಪುಗಳು ವಯಸ್ಸಾದಂತೆ ಬಿರುಕು ಬಿಡುತ್ತವೆ. ಅಲ್ಲಿಂದ ಕಳ್ಳಗಾಳಿ ಒಳನುಗ್ಗಿದರೆ ಎಂಜಿನ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. 'ಸ್ಸ್' ಎಂಬ ಸದ್ದು ಕೇಳುತ್ತದೆಯೇ ಗಮನಿಸಿ. ಕಾರ್ಬ್ಯುರೇಟರಿನ ಬುಡದ ಗ್ಯಾಸ್ಕೆಟ್ ಸೋರಿದರೂ ಇದೇ ಲಕ್ಷಣ. ಇನ್ನೊಂದು ಮಾತು: ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ಹಾಯುವ ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿಕೊಳ್ಳುವುದು ಜಾಣತನ.

ಐಡಲ್ ಜೆಟ್: ಸ್ಲೋ ಸ್ಪೀಡಿನ ಪೆಟ್ರೋಲ್ ಹಾಯುವ, ಸೂಜಿಮೊನೆಯಷ್ಟು ತೂತಿನ ಹಿತ್ತಾಳೆಯ ಸಾಮಾನು ಇದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ, ಅಂಟು ಕಟ್ಟಿ ಮುಚ್ಚಿಹೋಗುತ್ತದೆ. ವೇಗದಲ್ಲಿ ಓಡುವಾಗ ಚೆನ್ನಾಗಿದ್ದು, ಕಾಲು ತೆಗೆದೊಡನೆ ನಿಲ್ಲುವ ಗಾಡಿಗೆ ಹೆಚ್ಚಾಗಿ ಇದೇ ಕಾರಣ. ಪಂಪ್ ಸ್ಟವ್ ಕಾಲದವರಿಗೆ ತಕ್ಷಣ ಪಿನ್ ನೆನಪಾಗುತ್ತದೆ. ಬೇಡಿ! ತಂತಿ ಚುಚ್ಚಿದರೆ ಹಿತ್ತಾಳೆಯ ತೂತು ಅಗಲವಾಗಿ ಅಳತೆಯೇ ಕೆಟ್ಟುಹೋಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ಗಾಳಿ ಊದಿಸಿದರೆ ಸಾಕು.

ಇಷ್ಟಾದ ಮೇಲೆ ಸ್ಕ್ರೂ. ಎಂಜಿನ್ ಬಿಸಿಯಾಗಿರಬೇಕು, ಚೋಕ್ ಒಳಗಿರಬೇಕು, ಲೈಟು, ಎ.ಸಿ. ಆಫ್ ಆಗಿರಬೇಕು. ಒಂದು ಸ್ಕ್ರೂ ವೇಗದ್ದು, ಇನ್ನೊಂದು ಗಾಳಿ-ಪೆಟ್ರೋಲ್ ಹದದ್ದು. ಹದದ ಸ್ಕ್ರೂವನ್ನು ಹೊಗೆ ಅಳೆಯುವ ಯಂತ್ರದ ಮುಂದೆ ಕೂಡಿಸುವುದೇ ಸರಿ. ಎಮಿಷನ್ ಟೆಸ್ಟ್ ನಡೆಯುವುದೂ ಐಡ್ಲಿಂಗ್‌ನಲ್ಲೇ. 2000ದ ಮಾರ್ಚ್ 31ರವರೆಗೆ ತಯಾರಾದ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ 3 ಪರ್ಸೆಂಟ್. ಐಡ್ಲಿಂಗ್ ಸರಿಯಿದ್ದರೆ ಆರು ತಿಂಗಳಿಗೊಮ್ಮೆ ಆ ಸರ್ಟಿಫಿಕೇಟ್‌ಗೆ ಪರದಾಡಬೇಕಿಲ್ಲ.

ಇನ್ನೆರಡು ಸಾಮಾನ್ಯ ಪ್ರಶ್ನೆಗಳು

*ಎ.ಸಿ. ಹಾಕಿದಾಗ ಮಾತ್ರ ನಿಂತುಹೋಗುತ್ತದಲ್ಲ?* ಎ.ಸಿ. ಕಂಪ್ರೆಸರಿನ ಭಾರ ಎಂಜಿನ್ ಮೇಲೆ ಬೀಳುತ್ತದೆ. ಆ ಹೊತ್ತಿಗೆ ವೇಗ ತುಸು ಏರಿಸಲು 'ಐಡಲ್ ಅಪ್' ಎಂಬ ಸಾಧನ ಇರುತ್ತದೆ. ಅದರ ರಬ್ಬರ್ ಪೊರೆ ಹರಿದಿದೆಯೇ ನೋಡಿಸಿ. ಎ.ಸಿ.ಗಾಗಿ ಸ್ಕ್ರೂ ಏರಿಸಿದರೆ, ಎ.ಸಿ. ಇಲ್ಲದಾಗ ಗಾಡಿ ಕಿರುಚುತ್ತದೆ.

*ನಮ್ಮದು ಎಂ.ಪಿ.ಎಫ್.ಐ. ಗಾಡಿ, ಅದರಲ್ಲೂ ಸ್ಕ್ರೂ ಇದೆಯೇ?* ಸಾಮಾನ್ಯವಾಗಿ ಅಲ್ಲಿ ಐಡ್ಲಿಂಗ್ ನೋಡಿಕೊಳ್ಳುವುದು ಕಂಪ್ಯೂಟರ್. ಮಸಿ ಕಟ್ಟಿದ ಥ್ರಾಟಲ್ ಬಾಡಿ ಮತ್ತು ಐಡಲ್ ಗಾಳಿಯ ವಾಲ್ವನ್ನು ಮೊದಲು ಶುಚಿ ಮಾಡಿಸಿ.

ಜೋಪಾನ!

ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತುವುದರೊಳಗೆ ಪ್ರಾಣಕ್ಕೇ ಸಂಚಕಾರ. ಬಾನೆಟ್ ಎತ್ತುವ ಮೊದಲು ಸೆರಗು ಸಿಕ್ಕಿಸಿ, ಜಡೆ ಕಟ್ಟಿ, ಬಳೆ ತೆಗೆದಿಡಿ. ವಿದ್ಯುತ್ ಫ್ಯಾನು ಹೇಳದೆ ಕೇಳದೆ ತಿರುಗೀತು, ಲೋಹದ ಬಳೆ ಬ್ಯಾಟರಿಗೆ ತಗುಲಿದರೆ ಕಿಡಿ ಹಾರೀತು.

ಓಡುವಾಗಲೇ ಎಂಜಿನ್ ನಿಂತರೆ ಗಾಬರಿ ಬೇಡ. ಬೂಸ್ಟರ್ ಇರುವ ಗಾಡಿಯಲ್ಲಿ ಬ್ರೇಕನ್ನು ಒಂದೆರಡು ಸಲ ಒತ್ತುವುದರೊಳಗೆ ಪೆಡಲ್ ಗಟ್ಟಿಯಾಗುತ್ತದೆ. ಬಿಟ್ಟು ಬಿಟ್ಟು ಒತ್ತದೆ, ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಪಕ್ಕಕ್ಕೆ ನಿಲ್ಲಿಸಿ.

ಒಂದು ಪುಟ್ಟ ಲೆಕ್ಕದ ಪುಸ್ತಕ

ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆದಿಡುವ ನಮಗೆ ಗಾಡಿಯ ಲೆಕ್ಕವೇನು ಭಾರವೇ? ಯಾವಾಗ ನಿಂತಿತು, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಎ.ಸಿ. ಹಾಕಿತ್ತೋ ಇಲ್ಲವೋ, ಹೊಗೆಯ ಬಣ್ಣ ಯಾವುದು ಎಂದು ನಾಲ್ಕು ದಿನ ಬರೆದಿಡಿ. "ಗಾಡಿ ಸರಿಯಿಲ್ಲಪ್ಪ" ಎನ್ನುವ ಬದಲು, "ಬಿಸಿಯಾದ ಮೇಲೆ, ಕಾಲು ತೆಗೆದೊಡನೆ ನಿಲ್ಲುತ್ತೆ, ಫಿಲ್ಟರು, ಪ್ಲಗ್ಗು ನೋಡಿ ಆಗಿದೆ, ಜೆಟ್ ಶುಚಿ ಮಾಡಿಕೊಡಿ" ಎಂದು ಮೆಕ್ಯಾನಿಕ್‌ಗೆ ಹೇಳಿ ನೋಡಿ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಇದರಿಂದ ಬೇಸರಪಡುವುದಿಲ್ಲ. ಅರ್ಧ ಕೆಲಸ ಮಾಡಿಕೊಂಡೇ ಬಂದ ಗಿರಾಕಿ ಎಂದು ಸಂತೋಷವನ್ನೇ ಪಡುತ್ತಾನೆ.