ಕೊಳ್ಳೇಗಾಲದಲ್ಲಿ 'ಪ್ರಯೋಗ' ಎಂದರೆ

ಕೊಳ್ಳೇಗಾಲದ ಕಡೆ 'ಪ್ರಯೋಗ' ಎಂಬ ಮಾತನ್ನು ನೋಡಿಕೊಂಡು ಆಡಬೇಕು. ಯಾರೋ ಯಾರಿಗೋ ಪ್ರಯೋಗ ಮಾಡಿಸಿದ್ದಾರಂತೆ ಎಂದರೆ ಕೇಳಿದವರ ಕಣ್ಣ ಮುಂದೆ ಬರುವುದು ನಿಂಬೆಹಣ್ಣು, ಕುಂಕುಮ. ರೇಷ್ಮೆ ಸೀರೆಗೆ ಹೆಸರಾದ ಊರಿಗೆ ನಾಡೆಲ್ಲ ಸೇರಿ ಮಾಟದ ಹೆಸರನ್ನೂ ಅಂಟಿಸಿದೆ. ಅಂಥ ಊರಿನ ಹುಡುಗಿ ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ ಬಂದು 'ನಾವೂ ಪ್ರಯೋಗ ಮಾಡ್ತೀವಿ' ಎಂದರೆ ಅಜ್ಜಿ "ಯಾರ ಮ್ಯಾಲವ್ವ?" ಎನ್ನದೆ ಇರುತ್ತಾಳೆಯೇ?

ನಂಬಿಕೆ: ಮನಶ್ಶಾಸ್ತ್ರದ ಪ್ರಯೋಗ ಎಂದರೆ ಒಬ್ಬರ ಮನಸ್ಸನ್ನು ಕೆದಕಿ ಗುಟ್ಟು ಹೊರತೆಗೆಯುವುದು.

ಸತ್ಯ: ಗುಟ್ಟಿನಿಂದ ಪ್ರಯೋಗಕ್ಕೆ ಏನೂ ಆಗಬೇಕಿಲ್ಲ. ಬೇಕಾದದ್ದು ಹೋಲಿಕೆ. ರೇಷ್ಮೆ ಹುಳು ಸಾಕುವವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಹೊಸ ತಳಿಯ ಸೊಪ್ಪು ಒಳ್ಳೆಯದೋ ಅಲ್ಲವೋ ತಿಳಿಯಬೇಕಾದರೆ ಒಂದೇ ಕಂತಿನ ಮೊಟ್ಟೆಗಳಿಂದ ಬಂದ ಹುಳುಗಳನ್ನು ಎರಡು ಪಾಲು ಮಾಡಿ, ಒಂದೇ ಮನೆಯಲ್ಲಿಟ್ಟು, ಸೊಪ್ಪನ್ನಷ್ಟೇ ಬದಲಿಸಿ ನೋಡಬೇಕು. ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಚೆನ್ನಾಗಿ ಎದ್ದ ಹುಳುಗಳನ್ನೆಲ್ಲ ಆರಿಸಿ ಹೊಸ ಸೊಪ್ಪಿನ ಕಡೆ ಹಾಕಿದರೆ, ಗೂಡು ಹೆಚ್ಚಿದ್ದು ಸೊಪ್ಪಿನಿಂದಲೋ ಹುಳುವಿನಿಂದಲೋ ಗೊತ್ತಾಗದು. ಮನುಷ್ಯರ ವಿಷಯದಲ್ಲೂ ಇದೇ ಲೆಕ್ಕ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ. ನೋಡಿದವರಿಗೆ ಉಡಾಫೆ ಎನಿಸುವ ಆ ಚೀಟಿಯ ಮೇಲೆಯೇ ಇಡೀ ಪ್ರಯೋಗ ನಿಂತಿರುತ್ತದೆ.

ನಂಬಿಕೆ: ಪ್ರಯೋಗ ನಡೆಯುವುದು ಪ್ರಯೋಗಾಲಯದಲ್ಲಿ ಮಾತ್ರ.

ಸತ್ಯ: ಶುರುವಾದದ್ದು ಅಲ್ಲೇ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಅವರು ಸಂಶೋಧನೆಗೆ ಬಳಸಿದ್ದು ಕನ್ನಡಿ ಚಿತ್ರಣವನ್ನು: ಕೈ ಕಾಣದಂತೆ ಮರೆಮಾಡಿ, ಕನ್ನಡಿಯೊಳಗಿನ ಬಿಂಬ ನೋಡಿಕೊಂಡೇ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಪ್ರಯೋಗಾಲಯದಲ್ಲಿ ಬೆಳಕು, ಸದ್ದು, ಸಮಯ ಎಲ್ಲವೂ ಹಿಡಿತದಲ್ಲಿರುತ್ತವೆ. ಆದರೆ ಕನ್ನಡಿ ನೋಡಿ ಗೆರೆ ಎಳೆದವನು ನಾಳೆ ಸಾಲ ಮಾಡುವಾಗ ಹೇಗೆ ಯೋಚಿಸುತ್ತಾನೆ? ಅದನ್ನು ತಿಳಿಯಲು ಶಾಲೆ, ಸಂತೆ, ಹೊಲಗಳಿಗೇ ಹೋಗಬೇಕು. ಅದು ಕ್ಷೇತ್ರ ಪ್ರಯೋಗ.

ನಂಬಿಕೆ: ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆದು ನೋಡಿ ವ್ಯತ್ಯಾಸ ಕಂಡರೆ ಕಾರಣ ಸಿಕ್ಕಂತೆ.

ಸತ್ಯ: ಅದು ಅಷ್ಟು ಸುಲಭವಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕುವವರಿಗೆ ಗೊತ್ತು, ಕಟಾವಿಗೆ ಮುಂಚಿನ ತಿಂಗಳುಗಳಲ್ಲಿ ಕೈ ಬರಿದು; ಬಿಲ್ಲು ಬಂದ ಮೇಲೆ ಉಸಿರು. ಪಕ್ಕದ ತಮಿಳುನಾಡಿನ ರೈತರ ಇದೇ ಏರಿಳಿತವನ್ನು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಇನ್ನಿಬ್ಬರು ಸಂಶೋಧಕರು ಬಳಸಿಕೊಂಡರು. 54 ಹಳ್ಳಿಗಳ 464 ಕಬ್ಬು ಬೆಳೆಗಾರರನ್ನು ಸೇರಿಸಿಕೊಂಡು, ಕಟಾವಿಗೆ ಮುಂಚೆ ಮತ್ತು ಆಮೇಲೆ ತರ್ಕ, ಗಮನಗಳ ಪರೀಕ್ಷೆ ನಡೆಸಿದರು. ಫಲಿತಾಂಶ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ದುಡ್ಡು ಕೈಸೇರಿದ ಮೇಲೆ ಅದೇ ರೈತ ಹೆಚ್ಚು ಸರಿಯುತ್ತರ ಕೊಟ್ಟಿದ್ದ. ಬಡವನ ಬುದ್ಧಿ ಕಮ್ಮಿಯಲ್ಲ, ಬಡತನದ ಚಿಂತೆ ಅವನ ತಲೆಯಲ್ಲಿ ಬೇರೆಯದಕ್ಕೆ ಜಾಗ ಬಿಡುವುದಿಲ್ಲ ಎಂದರು ಅವರು.

ಇಲ್ಲಿ ತಕರಾರು ಏಳಬೇಕು. ಎರಡನೇ ಸಲ ಪರೀಕ್ಷೆ ಬರೆದವನಿಗೆ ಅಭ್ಯಾಸವಾಗಿರುತ್ತದಲ್ಲ? ಅದಕ್ಕೆಂದೇ ಒಂದಷ್ಟು ರೈತರನ್ನು ಕಟಾವಾದ ಮೇಲೆಯೇ ಮೊದಲ ಸಲ ಪರೀಕ್ಷಿಸಿ ಹೋಲಿಸಿದರು. ಕಾಲಮಾನದ ಪರಿಣಾಮ ಇರಬಹುದಲ್ಲ? ಕಟಾವಿನ ದಿನವನ್ನು ಕಾರ್ಖಾನೆ ಗೊತ್ತುಮಾಡುತ್ತದೆ. ಒಂದೇ ತಿಂಗಳಲ್ಲಿ ಒಬ್ಬನ ಕಬ್ಬು ಸಾಗಿರುತ್ತದೆ, ಇನ್ನೊಬ್ಬನದು ಗದ್ದೆಯಲ್ಲೇ ಇರುತ್ತದೆ. ಇಷ್ಟಾದರೂ ಸಂಶೋಧಕರು ಇಲ್ಲಿ ಚೀಟಿ ಎತ್ತಿರಲಿಲ್ಲ. ಹಾಗಾಗಿ ಇದು ಅರೆಪ್ರಯೋಗ. 2016ರಲ್ಲಿ ಅಮೆರಿಕದ ಕಡಿಮೆ ಆದಾಯದವರನ್ನು ಸಂಬಳದ ದಿನದ ಹಿಂದೆ ಮುಂದೆ ಪರೀಕ್ಷಿಸಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಕಬ್ಬಿನ ಅಧ್ಯಯನ ನನಗೆ ಅಚ್ಚುಮೆಚ್ಚಿನದು. ಮುಗಿದ ಮಾತು ಎಂದು ಮಾತ್ರ ಹೇಳಲಾರೆ.

ನಂಬಿಕೆ: ಸಂಶೋಧಕರು ಕೈ ಹಾಕದಿದ್ದರೆ ಪ್ರಯೋಗವೇ ಇಲ್ಲ.

ಸತ್ಯ: ಕೆಲವೊಮ್ಮೆ ಚರಿತ್ರೆಯೇ ಜನರನ್ನು ಎರಡು ಪಾಲು ಮಾಡಿಟ್ಟಿರುತ್ತದೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಮಗ್ಗುಲಲ್ಲೇ ಇರುವ ಕೊಳ್ಳೇಗಾಲ, ಹನೂರಿನ ಸೀಮೆಯೂ ಸೇರಿದಂತೆ, 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡೂ ಕಡೆ ಅದೇ ಕನ್ನಡ, ಅದೇ ದೇವರು ಮಾದಪ್ಪ, ಆದರೆ ಬೇರೆ ಬೇರೆ ಆಡಳಿತ. ಆಡಳಿತ ಜನರ ಮನೋಭಾವವನ್ನು ಬದಲಿಸುತ್ತದೆಯೇ ಎಂದು ಕೇಳುವವರಿಗೆ ಇದು ಸಹಜ ಪ್ರಯೋಗ ಆಗಬಲ್ಲದು. ಹಾಗೆಂದು ಸುವರ್ಣಾವತಿ ಬಯಲಿನ ಯಳಂದೂರನ್ನು ಹನೂರಿನ ಗುಡ್ಡಗಾಡಿನ ಜೊತೆ ತೂಗಿದರೆ ಕೆಟ್ಟಿತು. ಹಳೆಯ ಗಡಿಯ ಆಚೀಚೆ, ನೆಲವೂ ನೀರೂ ಒಂದೇ ಆಗಿರುವ ಹಳ್ಳಿಗಳನ್ನೇ ಆರಿಸಬೇಕು.

ನಂಬಿಕೆ: ಪ್ರಶ್ನಾವಳಿ ತುಂಬಿಸಿದರೆ ಪ್ರಯೋಗವಾಯಿತು.

ಸತ್ಯ: ಬರೀ ಕೇಳಿ ಬರೆದುಕೊಂಡರೆ ಅದು ಸಮೀಕ್ಷೆ. ಏನಿದೆ ಎಂದು ಹೇಳೀತು, ಯಾಕಿದೆ ಎಂದು ಹೇಳದು.

ನಾಳೆ ನಿಮ್ಮ ಜಗಲಿಗೂ ಯಾರಾದರೂ ಕಾಗದ ಹಿಡಿದು ಬರಬಹುದು. ಯಾರ ಜೊತೆ ಹೋಲಿಸುತ್ತೀರಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ನಿಮ್ಮ ಒಪ್ಪಿಗೆ ಪಡೆದೇ ಶುರುಮಾಡಬೇಕು. ಮನಸ್ಸಿಲ್ಲದಿದ್ದರೆ ನಡುವೆಯೇ ಎದ್ದು ಹೋಗಲು ನಿಮಗೆ ಹಕ್ಕಿದೆ.